ಏಳು ಹೊಲಿಗೆ

ನಮ್ಮಮ್ಮ ಮುಖ ಹೊಲಿಯುತ್ತಿದ್ದಳು. ಸಂಬಳದ ಪಟ್ಟಿಯಲ್ಲಿ ಅವಳ ಕೆಲಸ ‘ಬಟ್ಟೆ ರಿಪೇರಿ’ ಎಂದಿತ್ತು, ಹರಿದ ನಿಲುವಂಗಿಗಳನ್ನೂ ಹೊಲಿಯುತ್ತಿದ್ದಳು ಅನ್ನಿ. ಆದರೆ ವಿಶ್ವವಿದ್ಯಾಲಯದವರು ಅವಳನ್ನು ಹತ್ತೊಂಬತ್ತು ವರ್ಷ ಇಟ್ಟುಕೊಂಡದ್ದು ಮುಖಗಳ ಸಲುವಾಗಿ. ವಿದ್ಯಾರ್ಥಿಗಳು ಅವಳನ್ನು ಹೊಲಿಗೆಯಮ್ಮ ಎಂದು ಕರೆಯುತ್ತಿದ್ದರು. ಅಪ್ಪ ಅವಳ ರಿಪೇರಿ ಕೋಣೆಯಿದ್ದ ಕಟ್ಟಡದ ಹಿಂದಿನ ಕೋಣೆಯಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ. ಅಪ್ಪ ಹರಿತ ಮಾಡುವುದು, ಅಮ್ಮ ಹೊಲಿಯುವುದು, ನಡುವೆ ದೊಡ್ಡವರ ಮಕ್ಕಳ ಕೆನ್ನೆ. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಹೀಗೆ ಎಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆ, ಆಗ ಇರಲಿಲ್ಲ.

ಓದು ಕಲಿಸುವ ಜಾಗದಲ್ಲಿ ಕತ್ತಿಗೇನು ಕೆಲಸ ಎಂದು ನೀವು ಕೇಳಬಹುದು. ಮುನ್ನೂರೈವತ್ತು ವರ್ಷದ ಹಿಂದೆ ಆಳುವವನೊಬ್ಬ ತನಗೆ ಬೇಕಾದ ಅಧಿಕಾರಿಗಳನ್ನು ತಯಾರು ಮಾಡಿಕೊಳ್ಳಲು ಆ ವಿಶ್ವವಿದ್ಯಾಲಯ ಕಟ್ಟಿಸಿದನಂತೆ. ಒಂದು ವರ್ಷ ಊರಿಗೆ ಊರೇ ಹಸಿದಿತ್ತು, ವಿಶ್ವವಿದ್ಯಾಲಯದ ಉಗ್ರಾಣ ಮಾತ್ರ ತುಂಬಿತ್ತು. ಜನ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದರು. ನಲವತ್ತು ವಿದ್ಯಾರ್ಥಿಗಳು ಅಡ್ಡ ನಿಂತು ಅರವತ್ತಮೂರು ಜನರನ್ನು ಕಡಿದು ಹಾಕಿದರು. ಜನರಲ್ಲೂ ಕೆಲವರ ಕೈಯಲ್ಲಿ ಕುಡುಗೋಲು ಇದ್ದವು. ಕೆಲವು ವಿದ್ಯಾರ್ಥಿಗಳ ಮುಖಕ್ಕೆ ಗಾಯವಾಯಿತು. ಆಳುವವನು ಅವರನ್ನು ಕರೆಸಿ, ಬೆನ್ನು ತೋರಿಸದೆ ನಿಂತವರು ನೀವು ಎಂದು ಹೊಗಳಿ ಒಬ್ಬೊಬ್ಬರಿಗೆ ಒಂದೊಂದು ಹುದ್ದೆ ಕೊಟ್ಟ. ಅವರ ಹೆಸರುಗಳು, ವಿದ್ಯಾರ್ಥಿಗಳು ಕತ್ತಿ ಕಲಿಯುವ ಕತ್ತಿಮನೆಯ ಗೋಡೆಯ ಮೇಲೆ ಇವತ್ತಿಗೂ ಇವೆ. ಸತ್ತವರ ಹೆಸರು ಎಲ್ಲೂ ಇಲ್ಲ. ಅವರಲ್ಲಿ ನಮ್ಮ ಪೈಕಿಯವರು ಒಬ್ಬರಾದರೂ ಇದ್ದಿರಲೇಬೇಕು, ಊಟದ ವಾಸನೆ ಬಂದ ಕಡೆಗೆ ಮೊದಲು ಓಡುವವರು ನಮ್ಮ ಮನೆಯವರೇ.

ಅಂದಿನಿಂದ ಎಡಗೆನ್ನೆಯ ಮೇಲೆ ಕತ್ತಿಯ ಗುರುತು ಇಲ್ಲದೆ ಅಲ್ಲಿಂದ ಹೊರಬಿದ್ದವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಯ ವರ್ಷದ ಚಳಿಗಾಲದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಶನಿವಾರ ಬೆಳಿಗ್ಗೆ ಕತ್ತಿಮನೆಯಲ್ಲಿ ಇನ್ನೊಬ್ಬನ ಎದುರು ನಿಂತು ಕೆನ್ನೆ ಕೊಯ್ಯಿಸಿಕೊಳ್ಳಬೇಕು. ಅದಕ್ಕೆ ಅವರು ‘ಗೆರೆ ಎಳೆಸಿಕೊಳ್ಳುವುದು’ ಎನ್ನುತ್ತಿದ್ದರು. ಎಳೆಸಿಕೊಂಡವರನ್ನು ಊರವರು ಗೆರೆಯವರು ಎಂದರು. ನ್ಯಾಯಾಧೀಶ, ಪೊಲೀಸ್ ಅಧಿಕಾರಿ, ಪತ್ರಿಕೆಯ ಸಂಪಾದಕ, ಬ್ಯಾಂಕಿನ ಮೇಲಿನವನು, ಎಲ್ಲರ ಎಡಗೆನ್ನೆಯೂ ಒಂದೇ ತರಹ. ಅವರು ಒಬ್ಬರನ್ನೊಬ್ಬರು ಕಂಡಾಗ ಮೊದಲು ನೋಡುವುದು ಕೆನ್ನೆ, ಆಮೇಲೆ ಕಣ್ಣು.

ಅರವತ್ತು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಕತ್ತು ಸೀಳಿಹೋಗಿ ಸತ್ತ ಮೇಲೆ ಕಾನೂನು ಬಂತು. ಕತ್ತಿಕಾಳಗ ಅಪರಾಧ, ಕತ್ತಿಯ ಗಾಯ ಕಂಡ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಬರೆದವರೂ ಗೆರೆಯವರೇ ಆದ್ದರಿಂದ ಒಂದು ಕಿಂಡಿ ಬಿಟ್ಟಿದ್ದರು. ಡಾಕ್ಟರು ತಿಳಿಸಬೇಕು, ಸರಿ; ಬಟ್ಟೆ ಹೊಲಿಯುವವಳು ತಿಳಿಸಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಮುಖ ಹೊಲಿಯುವ ಕೆಲಸ ರಿಪೇರಿ ಕೋಣೆಗೆ ಬಂತು.

ಅಮ್ಮನಿಗೆ ಕಲಿಸಿದ್ದು ಅವಳಿಗಿಂತ ಮುಂಚೆ ಅಲ್ಲಿದ್ದ ಮುದುಕಿ, ಹಳೆಯ ಚರ್ಮದ ಕೈಗವಸಿನ ಮೇಲೆ. ಗೆರೆಯ ಹೊಲಿಗೆ ಎಂದರೆ ಕೆಟ್ಟ ಹೊಲಿಗೆ. ಗಾಯ ಚೆನ್ನಾಗಿ ಮಾಗಿಬಿಟ್ಟರೆ ಗುರುತು ಉಳಿಯುವುದಿಲ್ಲವಲ್ಲ, ಅದಕ್ಕೆ ಮೊದಲು ಗಾಯದ ಉದ್ದಕ್ಕೂ ಕುದುರೆ ಬಾಲದ ಒಂದು ಕೂದಲು ಮಲಗಿಸಬೇಕು. ಅದರ ಮೇಲೆ ದಪ್ಪ ನಾರಿನ ದಾರದಲ್ಲಿ ದೂರ ದೂರಕ್ಕೆ ಏಳು ಹೊಲಿಗೆ, ಕೊನೆಯ ಗಂಟು ಕಿವಿಯ ಕಡೆಗೆ. ಹದಿನಾಲ್ಕು ದಿನ ಬಿಟ್ಟು ಪಟ್ಟಿ ಬಿಚ್ಚಿ ಕೂದಲು ಎಳೆದರೆ, ಒಳಗೆ ಕೀವಾಗಿ ಉಬ್ಬಿದ ಕೆಂಪು ಗೆರೆ ಸಾಯುವ ತನಕ ಇರುತ್ತದೆ. ಬಿಸಿನೀರು ಕಾಯಿಸುವುದು, ಬೋಗುಣಿ ಹಿಡಿಯುವುದು, ಕೂದಲು ಎತ್ತಿಕೊಡುವುದು ನನ್ನ ಕೆಲಸ.

ಆ ಶನಿವಾರಗಳನ್ನು ಹೇಗೆ ಹೇಳಲಿ. ನೆಲಕ್ಕೆ ಮರದ ಹೊಟ್ಟು ಹರಡಿರುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಅದು ಕಲಸಿದ ಹಿಟ್ಟಿನ ಹಾಗೆ ಕಾಲಿಗೆ ಅಂಟುತ್ತಿತ್ತು. ಒಬ್ಬನ ಕಿವಿಯ ತುದಿ ಹಾರಿಹೋಗಿ ಅಮ್ಮ ಮೊಣಕಾಲೂರಿ ಹೊಟ್ಟಿನಲ್ಲಿ ಹುಡುಕಿದ್ದುಂಟು. ಇನ್ನೊಬ್ಬನ ಕೆನ್ನೆ ಸೀಳಿ ಹೊರಗಿನಿಂದಲೇ ಹಲ್ಲು ಕಾಣುತ್ತಿತ್ತು, ಅವನು ಅದರೊಳಗಿಂದಲೇ ನಗುತ್ತಿದ್ದ. ಸುತ್ತ ನಿಂತವರು ಕಾಲಿನಿಂದ ನೆಲ ಕುಟ್ಟುತ್ತ ಇನ್ನೂ, ಇನ್ನೂ ಎನ್ನುತ್ತಿದ್ದರು. ಹೊಲಿಯುವ ಕುರ್ಚಿಗೆ ಬಂದ ಮೇಲೆ ಬಹಳ ಜನ ಚಿಕ್ಕ ಮಕ್ಕಳಂತೆ ಅಳುತ್ತಿದ್ದರು. ಅಮ್ಮ ಆಯ್ತು ಕಂದ, ಇನ್ನೊಂದೇ ಎಂದು ಸುಳ್ಳು ಹೇಳುತ್ತ ಏಳನ್ನೂ ಹಾಕಿಬಿಡುತ್ತಿದ್ದಳು.

ಅಣ್ಣ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಹತ್ತನೇ ಕ್ಲಾಸು ಮುಗಿಸಿ ಅಲ್ಲೇ ಅಭ್ಯಾಸದ ಆಳಾಗಿ ಸೇರಿದ್ದ. ತಂತಿಯ ಮುಖವಾಡ, ಹತ್ತಿ ತುಂಬಿದ ಅಂಗಿ ಹಾಕಿಕೊಂಡು, ಮೊಂಡ ಕತ್ತಿ ಹಿಡಿದು ವಿದ್ಯಾರ್ಥಿಗಳ ಎದುರು ನಿಲ್ಲಬೇಕು. ತಡೆಯಬಹುದು, ಹೊಡೆಯುವ ಹಾಗಿಲ್ಲ. ಮೈಯೆಲ್ಲ ಬಾಸುಂಡೆ. ಮೂರು ವರ್ಷ ಹೀಗೆ ತಡೆದೂ ತಡೆದೂ ಆ ಊರಲ್ಲೇ ಅವನಷ್ಟು ಕತ್ತಿ ಬಲ್ಲವರು ಇರಲಿಲ್ಲ.

ಮಂತ್ರಿಯೊಬ್ಬರ ದೊಡ್ಡ ಮಗ ಆ ವರ್ಷ ಗೆರೆಗೆ ತಯಾರಾಗುತ್ತಿದ್ದ. ಕೈ ಭಾರ, ತಲೆ ಬಿಸಿ. ಚಳಿಗಾಲಕ್ಕೆ ಇನ್ನೂ ತಿಂಗಳಿದ್ದಾಗ ಒಂದು ಬೆಳಿಗ್ಗೆ ಅವನು ಬೀಸಿದ ಮೂವತ್ತು ಏಟನ್ನೂ ಅಣ್ಣ ತಡೆದ. ಜೊತೆಗಾರರು ಎಣಿಸುತ್ತ ನಗತೊಡಗಿದರು. ಮೂವತ್ತೊಂದಕ್ಕೆ ಅವನು ಮೊಂಡ ಕತ್ತಿ ಬಿಸಾಕಿ, ಅಪ್ಪ ಆಗತಾನೇ ಸಾಣೆ ಹಿಡಿದು ಚೌಕಟ್ಟಿಗೆ ತೂಗುಹಾಕಿದ್ದ ಕತ್ತಿ ಎಳೆದುಕೊಂಡ. ಮುಖವಾಡ ತೆಗಿ ಎಂದ. ಅಣ್ಣ ತೆಗೆದ, ಆಳುಗಳಿಗೆ ಹೇಳಿದ ಮಾತು ಕೇಳಿ ಅಭ್ಯಾಸವಾಗಿರುತ್ತದೆ. ಎಡಗೆನ್ನೆ ಕಣ್ಣಿನ ಕೆಳಗಿನಿಂದ ದವಡೆಯ ತನಕ ತೆರೆದುಕೊಂಡಿತು.

ಅವನನ್ನು ರಿಪೇರಿ ಕೋಣೆಗೆ ಹೊತ್ತು ತಂದಾಗ ಅಮ್ಮ ಮಗನ ಮುಖ ನೋಡಲಾರದೆ ಬರೀ ಗಾಯ ನೋಡಿದಳು. ಆಮೇಲೆ ನಡೆದದ್ದೆಲ್ಲ ಕೈಗಳೇ ನಡೆಸಿದ್ದು. ಅವಳು ಎಡಗೈ ಚಾಚಿದಳು. ನಾನು ಬೋಗುಣಿಯಿಂದ ಕುದುರೆ ಕೂದಲು ಎತ್ತಿ ಆ ಕೈಗಿಟ್ಟೆ. ಪ್ರತಿ ಶನಿವಾರ ಇಡುವಂತೆಯೇ ಇಟ್ಟೆ. ಅವಳು ಅದನ್ನು ಗಾಯದ ಉದ್ದಕ್ಕೂ ಮಲಗಿಸಿ ಏಳು ಹೊಲಿಗೆ ಹಾಕಿ ಕಿವಿಯ ಕಡೆಗೆ ಗಂಟು ಬಿಗಿದಳು. ಇಬ್ಬರಲ್ಲಿ ಒಬ್ಬರಿಗೂ ಬುದ್ಧಿ ನೆಟ್ಟಗಿರಲಿಲ್ಲ. ಇಷ್ಟು ವರ್ಷವಾದರೂ ಆ ಕೂದಲು ಎತ್ತಿಕೊಟ್ಟ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುವುದು ನಿಂತಿಲ್ಲ.

ಹದಿನಾಲ್ಕನೇ ದಿನ ಪಟ್ಟಿ ಬಿಚ್ಚಿ, ಒಳಗಿಂದ ಕೂದಲು ಬಂದಾಗಲೇ ನಾವು ಮಾಡಿದ್ದೇನೆಂದು ನಮಗೆ ಗೊತ್ತಾದದ್ದು. ಅಮ್ಮ ಆ ಕೂದಲನ್ನು ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತಳು. ಅಣ್ಣ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ನಕ್ಕುಬಿಟ್ಟ.

“ಅಮ್ಮಾ, ಪರೀಕ್ಷೆ ಕಟ್ಟದೇನೇ ಪಾಸ್ ಮಾಡಿಬಿಟ್ಟೆಯಲ್ಲ ನನ್ನ.”

ನಾನೂ ನಕ್ಕೆ. ಅಪ್ಪ ನಗಲಿಲ್ಲ. ಆ ಕತ್ತಿಗೆ ಸಾಣೆ ಹಿಡಿದವನು ಅವನೇ ತಾನೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದೇ ಚಳಿಗಾಲದಲ್ಲಿ ಮಂತ್ರಿಯ ದೊಡ್ಡ ಮಗನ ಕೆನ್ನೆಯೂ ಸೀಳಿತು. ಅಮ್ಮ ಅದನ್ನೂ ಹೊಲಿದಳು. ಅವನು ಕುರ್ಚಿಯ ಕೈ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ಅತ್ತ.

ಮುಖ ಒಡೆದ ಮೇಲೆ ಅಭ್ಯಾಸದ ಕೆಲಸಕ್ಕೆ ಅಣ್ಣನನ್ನು ಮತ್ತೆ ಕರೆಯಲಿಲ್ಲ. ಗೆರೆ ಹೊತ್ತ ಆಳನ್ನು ಎದುರು ನಿಲ್ಲಿಸಿಕೊಳ್ಳಲು ಅವರಿಗೇ ಒಂದು ತರಹ. ಅವನು ಬೀದಿಗೆ ಇಳಿದ. ಬಸ್ಸಿನಲ್ಲಿ ಜನ ಎದ್ದು ಜಾಗ ಕೊಟ್ಟರು. ಪೊಲೀಸಿನವನು ಕಾಲು ಜೋಡಿಸಿ ನಿಂತ. ಅಂಗಡಿಯವನು ಸ್ವಾಮಿ ಎಂದ. ಮೊದಮೊದಲು ಅಣ್ಣ ಹಿಂದೆ ತಿರುಗಿ ಯಾರಿಗಿದು ಎಂದು ನೋಡುತ್ತಿದ್ದನಂತೆ. ಒಂದು ದಿನ ಮನೆಯ ವಿಳಾಸ ತಿದ್ದಿಸಲು ದಾಖಲೆ ಕಚೇರಿಗೆ ಹೋದ. ಜನನ, ಮರಣ, ಮನೆ, ಜಮೀನು, ಊರಿನ ಕಾಗದವೆಲ್ಲ ಇರುವುದು ಅಲ್ಲೇ. ಸಾಲಿನಲ್ಲಿ ನಿಂತವನನ್ನು ಒಳಗಿನ ಅಧಿಕಾರಿ ಕಿಟಕಿಯಿಂದ ಕಂಡು ಓಡಿಬಂದು ಕರೆದುಕೊಂಡು ಹೋಗಿ ಕುರ್ಚಿ ಹಾಕಿದ. ಯಾವ ವರ್ಷ ಎಂದು ಕೇಳಿದ. ಈ ವರ್ಷ ಎಂದ ಅಣ್ಣ, ಅದು ನಿಜವೇ. ನಮ್ಮಲ್ಲೊಂದು ಜಾಗ ಖಾಲಿ ಇದೆ, ಸರ್ಟಿಫಿಕೇಟು ನಿಧಾನಕ್ಕೆ ತಂದುಕೊಡಿ, ನಾಳೆಯಿಂದಲೇ ಬನ್ನಿ ಎಂದನಂತೆ ಆ ಅಧಿಕಾರಿ.

ಅಮ್ಮ ಬೇಡ ಎಂದು ಗೋಗರೆದಳು. ಇದು ನನ್ನ ಕೈ ಮಾಡಿದ ತಪ್ಪು, ಇದನ್ನು ಹೊತ್ತುಕೊಂಡು ಅವರ ನಡುವೆ ಹೋಗಿ ಕೂರಬೇಡ, ಗೊತ್ತಾದರೆ ಜೀವಸಹಿತ ಬಿಡುವುದಿಲ್ಲ ಎಂದಳು. ಅಣ್ಣ ಕೇಳಲಿಲ್ಲ. ಮೂರು ವರ್ಷ ಬರೀ ತಡೆದವನಿಗೆ ಒಮ್ಮೆಯಾದರೂ ಕೈ ಬೀಸುವ ಆಸೆಯಿತ್ತೋ ಏನೋ. ಅವನು ಬದುಕಿ ಮನೆಗೆ ಬರುತ್ತಾನೋ ಇಲ್ಲವೋ ಎಂದು ಅಮ್ಮ ಆ ನಾಲ್ಕು ತಿಂಗಳು ಪ್ರತಿದಿನ ಸಂಜೆ ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು.

ಅವನು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದ ಎಂಬುದನ್ನು ನಾನು ಹೇಳಲೇಬೇಕು. ಹನ್ನೊಂದು ವರ್ಷದಿಂದ ಧೂಳು ತಿನ್ನುತ್ತಿದ್ದ ಫೈಲುಗಳನ್ನು ನಾಲ್ಕು ತಿಂಗಳಲ್ಲಿ ಖಾಲಿ ಮಾಡಿದ. ಅವನ ಮೇಜಿನ ಮುಂದಿನ ಸಾಲು ಮಧ್ಯಾಹ್ನಕ್ಕೇ ಕರಗುತ್ತಿತ್ತು. ಅಷ್ಟೊಂದು ಓದಿದವರು ಮಾಡುವ ಕೆಲಸ ನಿನಗೆ ಹೇಗಪ್ಪಾ ಬರುತ್ತದೆ ಎಂದು ನಾನೇ ಕೇಳಿದೆ.

“ಅಲ್ಲಿ ಕಷ್ಟ ಏನಿದೆ ಹೇಳು,” ಎಂದ. “ಬಂದವರು ಹೇಳಿದ್ದು ಕೇಳ್ಬೇಕು, ಬರ್ಕೊಬೇಕು. ಇಷ್ಟು ದಿನ ಯಾರೂ ಕೇಳ್ತಾನೇ ಇರ್ಲಿಲ್ಲ.”

ಬೇಸಿಗೆಯ ಮೊದಲಲ್ಲಿ ಅದೇ ಕಚೇರಿಗೆ ಹೊಸ ಅಧಿಕಾರಿಯಾಗಿ ಬಂದವನು ಮಂತ್ರಿಯ ದೊಡ್ಡ ಮಗ. ಬೇರೆಲ್ಲಿಗೆ ಬಂದಾನು, ಇರುವ ಕುರ್ಚಿಗಳೆಲ್ಲ ಅವರವೇ ತಾನೆ. ಅಣ್ಣನನ್ನು ಕಂಡು ಅವನು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು ಒಂದು ನಿಮಿಷ ಆ ಕೆನ್ನೆಯನ್ನೇ ನೋಡಿದನಂತೆ. ಅಣ್ಣ ಅದನ್ನು ಮನೆಗೆ ಬಂದು ಹೇಳಿದಾಗ ಅಮ್ಮ ಆಗಲೇ ಗಂಟು ಕಟ್ಟತೊಡಗಿದಳು. ಬೆಳಗಾಗುವುದರೊಳಗೆ ಅಣ್ಣನನ್ನು ಅವಳ ತಂಗಿಯ ಊರಿಗೆ ಕಳಿಸುವುದು ಎಂದಾಯಿತು.

ಬೆಳಗಾಗುವ ತನಕ ಅವರು ಕಾಯಲಿಲ್ಲ, ನಾವು ಇನ್ನೂ ರಾತ್ರಿಯ ತಟ್ಟೆಯ ಮುಂದೆ ಇದ್ದೆವು. ಕಾರು ನಿಂತು, ಮಂತ್ರಿಯ ದೊಡ್ಡ ಮಗನೂ ಸೇರಿ ಐದು ಜನ ಕತ್ತಿ ಹಿಡಿದು ಒಳಗೆ ಬಂದರು. ಅಪ್ಪ ಬಾಗಿಲಿಗೆ ಅಡ್ಡ ನಿಂತ, ಕತ್ತಿಯ ಹಿಡಿಯಿಂದ ಅವನ ಬಾಯಿಗೆ ಹೊಡೆದರು, ಮುಂದಿನ ಮೂರು ಹಲ್ಲು ನೆಲಕ್ಕೆ ಬಿದ್ದವು. ಅಣ್ಣ ಒಬ್ಬನ ಕೈಯಿಂದ ಕತ್ತಿ ಕಿತ್ತುಕೊಂಡ. ಆ ಗಳಿಗೆಯಲ್ಲಿ ಅವನು ಐವರನ್ನೂ ಉರುಳಿಸಬಹುದಿತ್ತು, ನಾನು ಬಲ್ಲೆ. ಅಷ್ಟರಲ್ಲಿ ಇನ್ನೊಬ್ಬ ಅಮ್ಮನ ಜುಟ್ಟು ಹಿಡಿದು ಅವಳ ಗಂಟಲಿಗೆ ಕತ್ತಿ ಆನಿಸಿದ. ಅಣ್ಣ ತನ್ನದನ್ನು ಕೆಳಗಿಟ್ಟ.

ನಮ್ಮೆಲ್ಲರನ್ನೂ ಕತ್ತಿಮನೆಗೆ ಒಯ್ದರು. ಅಣ್ಣನನ್ನು ಹೊಲಿಯುವ ಕುರ್ಚಿಗೆ ಕಟ್ಟಿದರು. ಮಂತ್ರಿಯ ದೊಡ್ಡ ಮಗ ಅಮ್ಮನ ಕೈಗೆ ಕತ್ತರಿ ಕೊಟ್ಟು, ನೀನೇ ಹಾಕಿದ್ದು, ನೀನೇ ಬಿಚ್ಚು ಎಂದ. ಮಾಗಿದ ಗಾಯವನ್ನು ಬಿಚ್ಚುವುದು ಹೇಗೆ. ಅಮ್ಮ ಅವನ ಕಾಲಿಗೆ ಬಿದ್ದಳು. ಬೇಕೆಂದು ಮಾಡಿದ್ದಲ್ಲ, ಕೈ ತಪ್ಪಿ ಆದದ್ದು, ಮಗನನ್ನು ಈ ಊರಲ್ಲೇ ಇರಿಸುವುದಿಲ್ಲ ಎಂದು ಬೇಡಿದಳು. ಅವನು ಅವಳನ್ನು ಕಾಲಿನಿಂದ ಆಚೆ ನೂಕಿದ. ಇಬ್ಬರು ಅಣ್ಣನ ತಲೆಯನ್ನು ಹಿಂದಕ್ಕೆ ಒತ್ತಿ ಹಿಡಿದರು. ಮಂತ್ರಿಯ ಮಗ ತಾನೇ ಗೆರೆಯ ಆಚೆಗೊಂದು ಈಚೆಗೊಂದು ಕೊಯ್ತ ಹಾಕಿ ನಡುವಿನ ಮಾಂಸವನ್ನು ತೆಗೆದು ಮರದ ಹೊಟ್ಟಿನ ಮೇಲೆ ಎಸೆದ. ನನ್ನ ಕಣ್ಣು ಮುಚ್ಚಲು ಯಾರೂ ಇರಲಿಲ್ಲ, ನಾನು ನೋಡಿದೆ. ಅಣ್ಣನ ಕೂಗು ಮೊದಲು ಜೋರಾಗಿತ್ತು, ಆಮೇಲೆ ಬಾಯಿಗೆ ರಕ್ತ ತುಂಬಿ ನೀರು ಕುದಿಯುವಂಥ ಸದ್ದು ಮಾತ್ರ ಬಂತು.

ಅವರು ಹೋದ ಮೇಲೆ ಅಮ್ಮ ಸೂಜಿ ಪೋಣಿಸಿದಳು. ಹೊಲಿಯಲು ಎರಡು ಅಂಚು ಬೇಕು. ಅಲ್ಲಿ ಒಂದಕ್ಕೊಂದು ಎಟುಕುವ ಅಂಚೇ ಇರಲಿಲ್ಲ. ಅವಳು ಮೂರು ಸಲ ಎಳೆದು ನೋಡಿದಳು, ಮೂರು ಸಲವೂ ದಾರ ಮಾಂಸ ಹರಿದುಕೊಂಡು ಬಂತು. ಒಂಬತ್ತನೇ ದಿನ ಅಣ್ಣ ಜ್ವರದಲ್ಲಿ ಸತ್ತ. ಕೊನೆಗೆ ಮಾತಾಡಲಾಗುತ್ತಿರಲಿಲ್ಲ. ಅಮ್ಮ ಅವನ ಪಕ್ಕದಲ್ಲಿ ಕೂತು, ಬಲಗೈಯನ್ನು ತನ್ನ ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಎಡಗೈಯಲ್ಲಿ ಅವನಿಗೆ ಗಾಳಿ ಹಾಕಿದಳು.

ಅಪ್ಪ ಮತ್ತೆ ಸಾಣೆಯ ಹತ್ತಿರ ಹೋಗಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಈರುಳ್ಳಿ ಹೆಚ್ಚುವ ಚಾಕು ಮೊಂಡೇ, ಹಿಸುಕಿ ಹಿಸುಕಿ ಹೆಚ್ಚಬೇಕು.

ದೂರು ಕೊಡಬೇಕು ಎಂದು ಹಟ ಹಿಡಿದವಳು ನಾನು. ಹನ್ನೆರಡು ದಿನ ಠಾಣೆಗೆ ಅಲೆಸಿದರು. ಕೊನೆಗೆ ಹೇಗೋ ಕೋರ್ಟಿಗೆ ಬಂತು. ಅಭ್ಯಾಸದ ಆಳು ತಾನೇ ಕತ್ತಿಯ ಮೇಲೆ ಬಿದ್ದ, ನಾವು ಐವರೂ ಅಲ್ಲಿ ಇರಲೇ ಇಲ್ಲ ಎಂದು ಮಂತ್ರಿಯ ಮಗನ ಕಡೆಯವರು ಹೇಳಿದರು. ಅಮ್ಮ ಕಟಕಟೆಗೆ ಹತ್ತಿದಳು. ನ್ಯಾಯಾಧೀಶ ನಲವತ್ತರ ಆಸುಪಾಸಿನವನು, ಎಡಗೆನ್ನೆಯ ಗೆರೆ ನಡುವೆ ಸ್ವಲ್ಪ ವಾಲಿತ್ತು. ಅದು ಬೀಳುವಾಗ ಆದ ಗಾಯವಲ್ಲ, ಕತ್ತಿಯಿಂದ ಕೊಯ್ದದ್ದು ಎಂದು ನಿನಗೆ ಹೇಗೆ ಗೊತ್ತು, ನೀನೇನು ಡಾಕ್ಟರಾ ಎಂದು ಕೇಳಿದ. ಅಮ್ಮ ಅವನನ್ನೇ ನೋಡುತ್ತ ನಿಂತಳು. ಸಿಟ್ಟಿನಿಂದ ಹೇಳಿದಳು ಎಂದು ಆಮೇಲೆ ಪತ್ರಿಕೆಯವರು ಬರೆದರು, ಸುಳ್ಳು. ಅಡುಗೆ ಹೇಗೆ ಮಾಡಿದೆ ಎಂದು ಹೇಳುವವಳ ದನಿಯಲ್ಲಿ ಹೇಳಿದಳು.

“ಹತ್ತೊಂಬತ್ತು ವರ್ಷದಿಂದ ಕತ್ತಿ ಗಾಯಾನೇ ಹೊಲೀತಾ ಇದೀನಿ ಸ್ವಾಮಿ. ನಿಮ್ಮ ಕೆನ್ನೇನೂ ನಾನೇ ಹೊಲಿದಿದ್ದು. ಏಳು ಹೊಲಿಗೆ. ಅದು ನಾನು ಹೊಲಿದ ಮೊದಲ್ನೇ ಮುಖ, ಅದಕ್ಕೇ ನಾಲ್ಕನೇದು ಸೊಟ್ಟ. ಆವತ್ತು ನೀವು ನನ್ನ ಮಣಿಕಟ್ಟು ಹಿಡ್ಕೊಂಡು ಅತ್ತಿದ್ರಿ.”

ನ್ಯಾಯಾಧೀಶನ ಕೈ ಕೆನ್ನೆಗೆ ಹೋಯಿತು. ಟೈಪು ಮಾಡುವವಳು ಬೆರಳು ನಿಲ್ಲಿಸಿ ಅವನನ್ನೇ ನೋಡಿದಳು, ಮಂತ್ರಿಯ ಮಗನ ವಕೀಲ ತನ್ನ ಎಡಗೆನ್ನೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅಷ್ಟು ಹೊತ್ತು ನನಗೆ ನಾವು ಗೆದ್ದೆವು ಎಂದೇ ಅನ್ನಿಸಿತ್ತು, ದಡ್ಡಿ ನಾನು.

ಮಂತ್ರಿಯ ಮಗನನ್ನು ಸಾಕ್ಷಿ ಸಾಲದು ಎಂದು ಬಿಟ್ಟರು. ಪರವಾನಗಿ ಇಲ್ಲದೆ ಗಾಯಕ್ಕೆ ಚಿಕಿತ್ಸೆ ಮಾಡಿದ್ದನ್ನು ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾಳೆ ಎಂದು ಅಮ್ಮನಿಗೆ ಐದು ತಿಂಗಳು ಜೈಲಾಯಿತು. ಐದೇ ಏಕೆ, ಆರು ಏಕಲ್ಲ ಎಂದು ನಾನು ಬೆರಳು ಮಡಿಸಿ ನೋಡಿದೆ. ಚಳಿಗಾಲದ ಮೊದಲ ಶನಿವಾರಕ್ಕೆ ಸರಿಯಾಗಿ ಒಂದು ವಾರ ಮುಂಚೆ ಅವಳು ಹೊರಗೆ ಬರುತ್ತಿದ್ದಳು. ಆ ಮಹಾನುಭಾವ ಅದನ್ನೂ ಯೋಚನೆ ಮಾಡಿಯೇ ಬರೆದಿದ್ದ.

ಜೈಲಿನಲ್ಲಿ ಅವಳಿಗೆ ಕೊಟ್ಟದ್ದೂ ಹೊಲಿಗೆಯೇ. ಅಲ್ಲೇ ಹೆತ್ತ ಹೆಂಗಸರ ಕೂಸುಗಳಿಗೆ ಅಂಗಿ ಹೊಲಿಯಬೇಕಿತ್ತು. ಎಳೆಗೂಸಿನ ಮೈಗೆ ಒತ್ತದ ಹಾಗೆ ಸಣ್ಣ ಸೂಜಿ, ಸಣ್ಣ ದಾರ, ಕಂಡೂ ಕಾಣದ ಹೊಲಿಗೆ. ನೋಡಲು ಹೋದಾಗಲೆಲ್ಲ ಅದನ್ನೇ ಹೇಳುತ್ತಿದ್ದಳು, ಅಣ್ಣ ಹುಟ್ಟಿದಾಗ ಇಂಥದ್ದೇ ಎರಡು ಅಂಗಿ ಹೊಲಿದಿದ್ದೆ ಎಂದು. ನನಗೆ ರೇಗುತ್ತಿತ್ತು. ಮಗ ಸತ್ತ, ಗಂಡನ ಬಾಯಿ ಒಡೆಯಿತು, ಇವಳಿಗೆ ಅಂಗಿಯ ಚಿಂತೆ.

ಬಿಡುಗಡೆಯಾದ ದಿನ ಜೈಲಿನ ಬಾಗಿಲಲ್ಲಿ ಕತ್ತಿಮನೆಯ ಮೇಲ್ವಿಚಾರಕ ರಿಪೇರಿ ಕೋಣೆಯ ಬೀಗದಕೈ ಹಿಡಿದು ನಿಂತಿದ್ದ. ಆದದ್ದು ಆಯಿತು, ಶನಿವಾರ ಬಾ ಎಂದ. ಅಮ್ಮ ಬೀಗದಕೈ ತೆಗೆದುಕೊಂಡಳು. ದಾರಿಯುದ್ದಕ್ಕೂ ನಾನು ಅವಳ ಮೇಲೆ ಹಾರಾಡಿದೆ. ಮಗನನ್ನು ಕೊಂದವರ ಮುಖ ಹೊಲಿಯಲು ಹೋಗುತ್ತೀಯಾ, ನೀನು ಹೆತ್ತವಳಾ, ನಿನಗೆ ಮಾನ ಇದೆಯಾ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಬೀಗದಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, ಬಿಸಿನೀರು ಕಾಯಿಸಲು ನೀನು ಬರಬೇಕು ಎಂದಳು. ನಾನು ಹೋದದ್ದು ಅವಳನ್ನು ಒಂಟಿಯಾಗಿ ಆ ಜಾಗಕ್ಕೆ ಬಿಡಲು ಮನಸ್ಸಾಗದೆ.

ಆ ಶನಿವಾರ ಮೊದಲು ಕುರ್ಚಿಗೆ ಬಂದವನು ಮಂತ್ರಿಯ ಚಿಕ್ಕ ಮಗ. ಅಣ್ಣನ ರಕ್ತ ಕುಡಿದ ಅದೇ ಕುರ್ಚಿ. ಬಾಯಿಯ ಹತ್ತಿರದಿಂದ ಕಿವಿಯ ತನಕ ಸೀಳಿತ್ತು, ರಕ್ತ ಕತ್ತಿನ ಒಳಗೆ ಇಳಿಯುತ್ತಿತ್ತು. ನಾನು ಬೋಗುಣಿಯಿಂದ ಕೂದಲು ಎತ್ತಿ ಚಾಚಿದೆ. ಅಮ್ಮ ನನ್ನ ಕೈಯನ್ನು ಮೆಲ್ಲಗೆ ಆಚೆ ಸರಿಸಿದಳು. ನನಗೆ ಅರ್ಥವಾಗದೆ ಮತ್ತೆ ಚಾಚಿದೆ. ಅವಳು ಈ ಸಲ ನನ್ನ ಬೆರಳುಗಳನ್ನು ಹಿಡಿದು ಕೂದಲನ್ನು ಬೋಗುಣಿಗೆ ಬೀಳಿಸಿ, ತನ್ನ ರವಿಕೆಯಿಂದ ಒಂದು ಸಣ್ಣ ಸೂಜಿ ತೆಗೆದಳು. ಅದರಲ್ಲಿ ರೇಷ್ಮೆಯ ಎಳೆ ಪೋಣಿಸಿತ್ತು. ಎರಡು ಅಂಚುಗಳನ್ನೂ ಕೂಡಿಸಿ ಬಹಳ ಹೊತ್ತು ಹೊಲಿದಳು. ನಾನು ಮೂವತ್ತೆಂಟರ ತನಕ ಎಣಿಸಿದೆ, ಆಮೇಲೆ ಕಣ್ಣು ಮಂಜಾಗಿ ಬಿಟ್ಟುಬಿಟ್ಟೆ.

ಸುತ್ತಲಿದ್ದವರಿಗೆ ಅನುಮಾನ ಬರಲಿಲ್ಲ. ಅವರು ಯಾವತ್ತು ಹೊಲಿಯುವವಳ ಕೈ ನೋಡಿದ್ದರು. ಮೇಲೆ ಎಂದಿನಂತೆ ದಪ್ಪ ಪಟ್ಟಿ ಕಟ್ಟಿ ಕಳಿಸಿದಳು. ಆ ಶನಿವಾರ ಮತ್ತು ಮುಂದಿನ ಶನಿವಾರ ಸೇರಿ ಹನ್ನೊಂದು ಮುಖ.

ಹದಿನಾಲ್ಕನೇ ದಿನ ಮೊದಲ ಪಟ್ಟಿಗಳು ಬಿಚ್ಚಿದವು, ಕೆಳಗೆ ಉಬ್ಬಿದ ಗೆರೆ ಇರಲಿಲ್ಲ. ನಾವು ರಿಪೇರಿ ಕೋಣೆಯಲ್ಲೇ ಇದ್ದೆವು, ಓಡಿಹೋಗುವ ಮಾತೇ ಅಮ್ಮ ಆಡಲಿಲ್ಲ. ಮಂತ್ರಿಯ ದೊಡ್ಡ ಮಗ ಮೇಲ್ವಿಚಾರಕನನ್ನೂ ಮೂವರು ಹಳೆಯ ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಬಂದ. ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ಅಮ್ಮನ ಬಲಗೈಯನ್ನು ಹೊಲಿಗೆಯ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿಸಿದರು. ಯಾರು ಹೇಳಿಕೊಟ್ಟರು ಎಂದು ಕೇಳುತ್ತ ಕತ್ತಿಯ ಹಿಡಿಯಿಂದ ಹೆಬ್ಬೆರಳು ಕುಟ್ಟಿದರು. ತೋರುಬೆರಳು ಕುಟ್ಟಿದರು. ಪ್ರತಿ ಸಲವೂ ಒಣಕಡ್ಡಿ ಮುರಿದ ಸದ್ದು. ನಡುಬೆರಳಿಗೆ ಬಂದಾಗ ಅವನು ಅವಳ ಗಲ್ಲ ಹಿಡಿದೆತ್ತಿ, ಹೇಳು, ಯಾಕೆ ಮಾಡಿದೆ ಎಂದು ಕಿರುಚಿದ.

“ನನ್ನ ಮಗನಿಗೆ ಹಾಕ್ಬೇಕಾಗಿದ್ದ ಹೊಲಿಗೆ ಅದು,” ಎಂದಳು ಅಮ್ಮ. “ಆವತ್ತು ಕೈಗೆ ನೆನಪಾಗ್ಲಿಲ್ಲ.”

ಉಳಿದ ಮೂರು ಬೆರಳನ್ನೂ ಮುರಿದರು.

ಹನ್ನೊಂದು ಜನಕ್ಕೆ ಮತ್ತೆ ಗೆರೆ ಎಳೆಸುವ ಮಾತೂ ಬಂತಂತೆ. ಆದರೆ ಮೊದಲ ಸಲ ಮುಖ ಹಿಂದೆಳೆದುಕೊಂಡವನು ಮಾತ್ರ ಎರಡನೇ ಸಲ ನಿಲ್ಲುತ್ತಾನೆ, ಅವನು ಹೇಡಿ ಎಂದು ಅವರದೇ ಮುನ್ನೂರೈವತ್ತು ವರ್ಷದ ನಿಯಮ, ಗೋಡೆಯ ಮೇಲೆ ಕೆತ್ತಿದ್ದು. ಅದನ್ನು ಮುರಿಯಲು ಧೈರ್ಯ ಯಾರಿಗೂ ಬರಲಿಲ್ಲ. ಹನ್ನೊಂದು ಜನ ಪಾಸಾಗಿ, ಕೈಯಲ್ಲಿ ಸರ್ಟಿಫಿಕೇಟು ಹಿಡಿದು, ನಮ್ಮ ನಿಮ್ಮಂಥ ಕೆನ್ನೆ ಹೊತ್ತು ಊರಿಗೆ ಬಂದರು.

ಮುಂದಿನ ವರ್ಷ ಅಪ್ಪ ತೀರಿಕೊಂಡ. ಮರಣದ ಕಾಗದ ಮಾಡಿಸಲು ನಾನು ದಾಖಲೆ ಕಚೇರಿಗೆ ಹೋದೆ. ಸಾಲು ಬೀದಿಯ ತನಕ ಬೆಳೆದಿತ್ತು. ನನಗಿಂತ ನಾಲ್ಕು ಜನ ಮುಂದೆ ನಿಂತಿದ್ದವನು ಮಂತ್ರಿಯ ಚಿಕ್ಕ ಮಗ. ಕೆಲಸಕ್ಕೆ ಅರ್ಜಿ ಹಿಡಿದು ಬಂದಿದ್ದ. ಅವನ ಸರದಿ ಬಂದಾಗ ಕಿಟಕಿಯವನು ಅರ್ಜಿ ನೋಡದೆ ಮುಖ ನೋಡಿದ. ನಾನು ಇಂಥ ಮಂತ್ರಿಯ ಮಗ ಎಂದ ಇವನು. ಮಂತ್ರಿ ಮಗನಾಗಿದ್ದರೆ ಗೆರೆ ಎಲ್ಲಪ್ಪಾ ಎಂದು ಕಿಟಕಿಯವನು ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಳಗೆ, ನಮ್ಮಣ್ಣ ಕೂರುತ್ತಿದ್ದ ಕುರ್ಚಿಯಲ್ಲಿ ಮಂತ್ರಿಯ ದೊಡ್ಡ ಮಗನೇ ಕೂತಿದ್ದ. ಇವನು ಆ ಕಡೆ ನೋಡಿ ಕೈ ಎತ್ತಿದ. ಆತ ತಲೆ ತಗ್ಗಿಸಿ ಫೈಲು ತಿರುವಿಹಾಕಿದ. ಮಂತ್ರಿಯ ಚಿಕ್ಕ ಮಗ ಅರ್ಜಿ ಮಡಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ.

ಮನೆಗೆ ಓಡಿಬಂದು ಅಮ್ಮನಿಗೆ ಒಂದೂ ಬಿಡದೆ ಹೇಳಿದೆ. ಹೇಳುತ್ತ ನನಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಮ್ಮ ಸೆಟೆದ ಬೆರಳುಗಳಲ್ಲಿ ಬಟಾಣಿ ಸುಲಿಯುತ್ತಿದ್ದಳು, ಒಂದು ಕಾಯಿಗೆ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಸಾಲಿನ ಮಾತು, ನಗು, ಆ ಕುರ್ಚಿ, ಯಾವುದನ್ನೂ ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಹತ್ತಿರದಿಂದ ನೋಡಿದ್ಯಾ ಅವನ ಕೆನ್ನೆ?” ಎಂದಳು.

ನೋಡಿದೆ ಎಂದೆ.

“ಚೆನ್ನಾಗಿ ಮಾಗಿತ್ತಾ?”

“ಗುರುತೇ ಇಲ್ಲಮ್ಮ.”

ಅವಳು ಸುಲಿಯುವುದನ್ನು ನಿಲ್ಲಿಸಿ, ಮುರಿದ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಸವರಿದಳು. ಅಣ್ಣ ಸತ್ತ ಮೇಲೆ ಅವಳು ಆ ಕೈಯನ್ನು ಸವರಿದ್ದು ನಾನು ನೋಡಿದ್ದು ಅದೇ ಮೊದಲು.